ಹಿಟ್ಟು ತೊಳಸಿದರೂ ಅಲ್ಲಾಡದ ಒಲೆ

ಅಂಗಡಿಯವರು ಒಲೆ ತೋರಿಸುವಾಗ ಮೊದಲು ಉರಿ ಹಚ್ಚಿಬಿಡುತ್ತಾರೆ. ಆ ಉರಿ ನೋಡಿ ದುಡ್ಡು ಎಣಿಸಬೇಡಿ. ಹೊಸದರಲ್ಲಿ ಎಲ್ಲ ಒಲೆಯೂ ನೀಲಿಯಾಗಿಯೇ ಉರಿಯುತ್ತದೆ. ನಮ್ಮ ಕಡೆ ಹಿತ್ತಿಲ ಒಲೆಯ ಪರೀಕ್ಷೆ ಬೇರೆ. ಐವತ್ತು ಜನರ ಹಿಟ್ಟಿನ ತಪ್ಪಲೆ ಮೇಲಿಟ್ಟು, ಒಬ್ಬ ಕವೆಗೋಲಿನಲ್ಲಿ ಅದುಮಿ ಹಿಡಿದು, ಇನ್ನೊಬ್ಬ ಎರಡೂ ಕೈಯಲ್ಲಿ ಕೋಲು ತಿರುವುವಾಗ ಒಲೆಯ ಕಾಲು ಏನು ಮಾಡುತ್ತದೆ? ಅದನ್ನು ನೋಡಬೇಕು.

ನಾನು ಪಾಂಡವಪುರದಲ್ಲಿ ಗ್ಯಾಸ್ ಒಲೆ ರಿಪೇರಿ ಮಾಡುವವನು. ಶ್ರೀರಂಗಪಟ್ಟಣ, ಕೆ.ಆರ್. ಪೇಟೆ, ನಾಗಮಂಗಲದ ಹಳ್ಳಿಗಳಿಗೂ ಸ್ಪ್ಯಾನರ್ ಚೀಲ ಹೊತ್ತು ಹೋಗುತ್ತೇನೆ. ಬೀಗರೂಟ, ಮಾರಿಹಬ್ಬ, ಪಿತೃಪಕ್ಷ ಹತ್ತಿರ ಬಂದಾಗ ಫೋನ್ ನಿಲ್ಲುವುದಿಲ್ಲ. ಮೊದಲು ಮೂರು ಕಲ್ಲು, ಸೌದೆ, ಕಣ್ಣುರಿಯುವ ಹೊಗೆ ಇದ್ದ ಜಾಗದಲ್ಲಿ ಈಗ ಬೀಡಿನ ಬರ್ನರ್ ಇಟ್ಟ ಕಬ್ಬಿಣದ ಸ್ಟ್ಯಾಂಡು ಬಂದಿದೆ. ಕೊಂಡವರು ನನ್ನನ್ನು ಕೇಳುವುದು ಕೊಂಡಾದ ಮೇಲೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಒಲೆಯನ್ನು ತಲೆಕೆಳಗು ಮಾಡಿ ನೋಡಿ. ಮೇಲಿನ ಬಣ್ಣ ಸುಳ್ಳು ಹೇಳಬಹುದು, ಅಡಿಯ ವೆಲ್ಡಿಂಗ್ ಹೇಳುವುದಿಲ್ಲ. ಅಗ್ಗದ ಸ್ಟ್ಯಾಂಡಿನಲ್ಲಿ ಮೂಲೆಗೆ ಎರಡು ಚುಕ್ಕೆ ಬೆಸುಗೆ ಇಟ್ಟು ಮೇಲೆ ಕಪ್ಪು ಬಣ್ಣ ಬಳಿದಿರುತ್ತಾರೆ. ಬಿಸಿಯಾಗಿ ತಣ್ಣಗಾಗಿ, ಮತ್ತೆ ಬಿಸಿಯಾಗಿ ಆ ಚುಕ್ಕೆ ಬಿರುಕು ಬಿಡುತ್ತದೆ. ಬೆಸುಗೆ ಮೂಲೆಯ ಉದ್ದಕ್ಕೂ ಹರಿದಿರಬೇಕು. ಕಾಲು ಪೈಪಿನದಾದರೆ ತುದಿ ಮುಚ್ಚಿದೆಯಾ ನೋಡಿ. ಬಾಯಿ ತೆರೆದ ಪೈಪಿನೊಳಗೆ ನೀರು ನಿಂತು ಒಳಗಿನಿಂದ ತಿನ್ನುತ್ತದೆ, ಹೊರಗೆ ಗೊತ್ತೇ ಆಗುವುದಿಲ್ಲ. ನನ್ನ ಮಾತು ಕೇಳುವುದಾದರೆ ಪೈಪು ಬಿಟ್ಟು ಆಂಗಲ್ ತೆಗೆದುಕೊಳ್ಳಿ. ತಗಡಿನ ಒಲೆಯಾದರೆ ಗೇಜ್ ಕೇಳಿ. ಅಂಕಿ ಹೆಚ್ಚಿದಷ್ಟೂ ತಗಡು ತೆಳು, 22 ಗೇಜಿಗಿಂತ 18 ಗೇಜು ದಪ್ಪ. ಇದು ತಿಳಿಯದೆ ದೊಡ್ಡ ಅಂಕಿಗೆ ಸಂತೋಷಪಡುವವರನ್ನು ನೋಡಿದ್ದೇನೆ.

ಮೂರು ಕಾಲೋ ನಾಲ್ಕು ಕಾಲೋ ಅನ್ನುವ ವಾದ ಚಿನಕುರಳಿಯಿಂದ ಬೆಳ್ಳೂರಿನವರೆಗೂ ಇದೆ. ಮೂರು ಕಾಲಿನದು ಎಂಥ ಹಳ್ಳ ತಿಟ್ಟಿನಲ್ಲೂ ಕುಣಿಯುವುದಿಲ್ಲ, ನಿಜ. ಆದರೆ ಎರಡು ಕಾಲಿನ ನಡುವಿನ ಕಡೆಗೆ ಜೋರು ಬಿದ್ದರೆ ಮಗುಚುತ್ತದೆ, ಹಿಟ್ಟು ತೊಳಸುವಾಗ ಜೋರು ಎಲ್ಲ ದಿಕ್ಕಿಗೂ ಬೀಳುತ್ತದೆ. ಅನ್ನಕ್ಕೆ, ಸಾರಿಗೆ ಮೂರು ಕಾಲು ಸಾಕು. ಹಿಟ್ಟಿಗೆ ನಾಲ್ಕು ಕಾಲು, ಅದೂ ಕೆಳಕ್ಕೆ ಹೋದಂತೆ ಹೊರಗೆ ಚಾಚಿರಬೇಕು, ಎತ್ತರ ಮೊಣಕಾಲು ದಾಟಬಾರದು. ಕುಣಿದರೆ ಒಂದು ಕಾಲಡಿಗೆ ಕಲ್ಲುಚೂರು ಕೊಡಿ.

ಇನ್ನು ಬರ್ನರ್. ದೊಡ್ಡ ಒಲೆಗೆ ಬೀಡು, ಮನೆಯೊಳಗಿನ ಸಣ್ಣ ಒಲೆಗೆ ಹಿತ್ತಾಳೆ. ಬೀಡು ದೊಡ್ಡ ಉರಿಗೆ ಜಗ್ಗುವುದಿಲ್ಲ, ಕಾದಿದ್ದಾಗ ತಣ್ಣೀರು ಸುರಿದರೆ ಮಾತ್ರ ಸೀಳುತ್ತದೆ. ಊಟ ಮುಗಿದ ಅವಸರದಲ್ಲಿ ಬಕೆಟ್ ನೀರು ಎರಚಿ ಒಲೆ ತೊಳೆಯುವ ಹುಡುಗರಿಂದಲೇ ನನಗೆ ಅರ್ಧ ಕೆಲಸ. ಆರಿದ ಮೇಲೆ ಒರೆಸಿ, ಒಂದಿಷ್ಟು ಎಣ್ಣೆ ಸವರಿಟ್ಟರೆ ತುಕ್ಕೂ ಬರುವುದಿಲ್ಲ. ಹಿತ್ತಾಳೆಯದು ಅಂತ ಹೇಳಿ ಹಳದಿ ಬಣ್ಣದ ಹಗುರ ಲೋಹ ಕೊಡುವುದುಂಟು. ಅಡಿಭಾಗವನ್ನು ಅರದಿಂದ ಒಮ್ಮೆ ಉಜ್ಜಿ. ಒಳಗೂ ಹಳದಿಯಿದ್ದರೆ ಹಿತ್ತಾಳೆ, ಬೆಳ್ಳಗಿದ್ದರೆ ವಾಪಸ್ ಕೊಡಿ. ನಾಗಮಂಗಲದಲ್ಲಿ ಇದನ್ನು ಹೇಳಲು ಹೋಗಿ ನಗೆಪಾಟಲಾಗಬೇಕಷ್ಟೆ. ಹಿತ್ತಾಳೆ ಕೆಲಸಕ್ಕೆ ಹೆಸರಾದ ಊರು ಅದು, ಅಲ್ಲಿ ಕೆಲವರು ಕೈಯಲ್ಲಿ ತೂಗಿಯೇ ಹೇಳುತ್ತಾರೆ.

ನನ್ನ ಮಗಳು ಟೆಕ್ಸಾಸ್‌ನಲ್ಲಿದ್ದಾಳೆ. ಅವರ ಹಿತ್ತಿಲಲ್ಲಿ ಮುಚ್ಚಳವಿರುವ ಗ್ಯಾಸ್ ಗ್ರಿಲ್ ಇದೆ. ಕೊಳ್ಳುವ ಮುಂಚೆ ಅಂಗಡಿಯಿಂದಲೇ ವಿಡಿಯೋ ಕಾಲ್ ಮಾಡಿ, "ಅಪ್ಪಾಜಿ, ಎರಡರಲ್ಲಿ ಯಾವುದು?" ಅಂದಳು. ಒಂದರ ಬೆಲೆ ಇನ್ನೊಂದರ ಎರಡರಷ್ಟು, ಹೊಳಪು ಎರಡಕ್ಕೂ ಒಂದೇ. ಅಯಸ್ಕಾಂತ ಹಿಡಿದು ನೋಡವ್ವ ಅಂದೆ. 304 ದರ್ಜೆಯ ಸ್ಟೀಲಿನಲ್ಲಿ ನಿಕ್ಕಲ್ ಇರುತ್ತದೆ, ಅಯಸ್ಕಾಂತ ಹೆಚ್ಚುಕಮ್ಮಿ ಕಚ್ಚುವುದಿಲ್ಲ, ತುಕ್ಕು ತಡವಾಗಿ ಬರುತ್ತದೆ. 430 ದರ್ಜೆಯದಕ್ಕೆ ಗಟ್ಟಿಯಾಗಿ ಕಚ್ಚುತ್ತದೆ. ಅಗ್ಗದ್ದಕ್ಕೆ ಪಟ್ಟನೆ ಅಂಟಿಕೊಂಡಿತು. ಅಲ್ಲಿನ ಹಿತ್ತಿಲ ಅಡುಗೆಯ ಕತೆಯಲ್ಲಿ ನನಗೆ ಇಷ್ಟವಾದವನು ಜಾರ್ಜ್ ಸ್ಟೀಫನ್. ಷಿಕಾಗೋದ ವೆಬರ್ ಬ್ರದರ್ಸ್ ಕಾರ್ಖಾನೆಯಲ್ಲಿ ತಗಡಿನ ಕೆಲಸದವನು. ನೀರಲ್ಲಿ ತೇಲಿಬಿಡುವ ಲೋಹದ ಬುಂಡೆಯನ್ನು ಎರಡು ಹೋಳು ಮಾಡಿ 1952ರಲ್ಲಿ ಮುಚ್ಚಳದ ಇದ್ದಿಲು ಗ್ರಿಲ್ ಮಾಡಿದ. ಅದೇ ವೆಬರ್ ಹೆಸರಿನ ಜೆನೆಸಿಸ್ ಅನ್ನುವ ಗ್ಯಾಸ್ ಗ್ರಿಲ್ ಬಂದದ್ದು 1985ರಲ್ಲಿ.

ಆ ಗ್ರಿಲ್‌ನಿಂದ ನಾವು ಕಲಿಯುವುದು ಒಂದಿದೆ. ಬರ್ನರ್ ಮೇಲೆ ಮನೆಯ ಸೂರಿನಂತೆ ಬಾಗಿಸಿದ ತಗಡಿನ ಪಟ್ಟಿಗಳಿರುತ್ತವೆ, ಮಾಂಸದ ಕೊಬ್ಬು ತೂತಿಗೆ ಬೀಳದೆ ಪಕ್ಕಕ್ಕೆ ಜಾರುತ್ತದೆ. ನಮ್ಮಲ್ಲಿ ಕುರಿಯ ತಲೆ-ಕಾಲನ್ನು ಬರಿ ಬರ್ನರ್ ಮೇಲೇ ಸುಡುತ್ತಾರೆ. ಕೂದಲು, ಕೊಬ್ಬು ಇಳಿದು ತೂತು ಕಟ್ಟಿ ಉರಿ ಒಂದೇ ಕಡೆ ವಾಲುತ್ತದೆ. ಕೆ.ಆರ್. ಪೇಟೆಯ ಒಂದು ವೆಲ್ಡಿಂಗ್ ಅಂಗಡಿಯಲ್ಲಿ ಆಂಗಲ್ ತುಂಡುಗಳನ್ನು ಬೋರಲು ಹಾಕಿ ಒಂದು ಚೌಕಟ್ಟು ಮಾಡಿಸಿದೆ. ಒಲೆಯ ಮೇಲಿಟ್ಟು ಸುಟ್ಟರೆ ಬರ್ನರ್ ಶುದ್ಧ. ಖರ್ಚು ಒಂದು ಕೋಳಿಯದೂ ಆಗಲಿಲ್ಲ.

ಉರಿ ಹಳದಿಯಾಗಿ ತಪ್ಪಲೆ ಮಸಿ ಹಿಡಿದರೆ ಒಲೆ ಹಳೆಯದಾಯಿತು ಅಂತ ಮಾರಬೇಡಿ. ತಿಂಗಳುಗಟ್ಟಲೆ ಕೊಟ್ಟಿಗೆಯಲ್ಲಿದ್ದ ಒಲೆಯ ಕೊಳವೆಯೊಳಗೆ ಜೇಡ ಬಲೆ ಕಟ್ಟಿರುತ್ತದೆ, ಕಣಜ ಮಣ್ಣು ಮೆತ್ತಿರುತ್ತದೆ. ಗಾಳಿ ಸೇರದೆ ಉರಿ ಕೆಡುತ್ತದೆ. ತಂತಿಗೆ ಬಟ್ಟೆ ಸುತ್ತಿ ಕೊಳವೆ ಒರೆಸಿ. ಆದರೆ ಜೆಟ್‌ಗೆ ದಬ್ಬಳ ಹಾಕಬೇಡಿ. ತೂತು ಕೂದಲೆಳೆ ಅಗಲವಾದರೂ ಗ್ಯಾಸ್ ಹೆಚ್ಚು ನುಗ್ಗುತ್ತದೆ. ಹೊಸ ಜೆಟ್ ಹಾಕಿಸಿ.

ಅಗ್ಗದ ಒಲೆ ದುಬಾರಿಯಾಗುವುದು ಗ್ಯಾಸಿನಲ್ಲಿ. ಮನೆಯ ಒಲೆಗೆ ಐ.ಎಸ್. 4246 ಎಂಬ ಮಾನದಂಡವಿದೆ, ಅದರ ಪ್ರಕಾರ ಗ್ಯಾಸಿನ ಶಾಖದಲ್ಲಿ ಕನಿಷ್ಠ ಶೇ. 68 ಪಾತ್ರೆಗೆ ಸೇರಬೇಕು. ಹಿತ್ತಿಲಲ್ಲಿ ಗಾಳಿ ಅದರಲ್ಲೂ ಪಾಲು ಕೇಳುತ್ತದೆ. ಕಾವೇರಿ ದಂಡೆಯ ಶ್ರೀರಂಗಪಟ್ಟಣದ ತೋಟಗಳಲ್ಲಿ ಸಂಜೆ ಗಾಳಿಗೆ ಉರಿ ಮಲಗಿಬಿಡುತ್ತದೆ. 19 ಕೆ.ಜಿ.ಯ ಸಿಲಿಂಡರಿನಲ್ಲಿ ನೂರಕ್ಕೆ ಹತ್ತು ಭಾಗ ಹೀಗೆ ಹೋದರೂ ಸುಮಾರು ಎರಡು ಕೆ.ಜಿ. ಹೋಯಿತು. ಸುತ್ತ ತಗಡಿನ ಮರೆ ಇರುವ ಒಲೆಗೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಮರೆ ಒಲೆಗೆ ಮಾತ್ರ, ಸಿಲಿಂಡರ್ ಬಯಲಲ್ಲೇ ಇರಲಿ. ಈ ಗ್ಯಾಸು ಗಾಳಿಗಿಂತ ಭಾರ, ಸೋರಿದರೆ ತಗ್ಗಿನಲ್ಲಿ ನಿಲ್ಲುತ್ತದೆ. ಚರಂಡಿ ಪಕ್ಕ, ಗುಂಡಿಯಲ್ಲಿ ಇಡಬಾರದು.

"ಮನೆ ಸಿಲಿಂಡ್ರಿಗೇ ದೊಡ್ಡ ರೆಗ್ಯುಲೇಟ್ರು ಹಾಕ್ಕೊಡಣ್ಣ" ಅಂತ ಕೇಳುವವರಿದ್ದಾರೆ. ನಾನು ಹಾಕಿಕೊಡುವುದಿಲ್ಲ. ಮನೆಯ ರೆಗ್ಯುಲೇಟರ್ ಚದರ ಸೆಂಟಿಮೀಟರಿಗೆ 30 ಗ್ರಾಂ ಒತ್ತಡಕ್ಕೆ ಕಟ್ಟಿದ್ದು, ಮನೆಯ ಒಲೆಯ ವಾಲ್ವ್, ಪೈಪು ಎಲ್ಲ ಆ ಲೆಕ್ಕದವು. ಹೈಪ್ರೆಷರ್ ಒಲೆಗೆ ಅದರದೇ ವಾಲ್ವ್, ಅದರದೇ ಪೈಪು ಬೇಕು.

ಕೊನೆಗೆ ಬೆಲೆ ಕೇಳುವ ಮುಂಚೆ ಇನ್ನೊಂದು ಕೇಳಿ: ಬರ್ನರ್, ವಾಲ್ವ್, ಜೆಟ್ ಬಿಡಿಯಾಗಿ ನಮ್ಮ ಪೇಟೆಯಲ್ಲೇ ಸಿಗುತ್ತದಾ? ಬೆಂಗಳೂರಿನಿಂದ ತರಿಸಬೇಕು ಅಂದರೆ ಆ ಒಲೆ ಎಷ್ಟೇ ಹೊಳೆಯಲಿ, ಬೇಡ ಅನ್ನಿ. ವಾಲ್ವ್ ಕೆಟ್ಟು ಕೂರುವುದು ಬೀಗರು ಬರುವ ದಿನವೇ.