ತೂಕಕ್ಕೆ ಸಿಕ್ಕ ಚಂದಮಾಮ

ಹಳೆಯ ಮರದ ಪೆಟ್ಟಿಗೆಯೊಂದನ್ನು ಅರಸುತ್ತ ಹೆಂಡತಿ, ಮಕ್ಕಳೊಡನೆ ಕಾರವಾರದ ಗುಜರಿ ಅಂಗಡಿಗೆ ಹೋಗಿದ್ದೆ. ಪೆಟ್ಟಿಗೆ ಸಿಗಲಿಲ್ಲ, ಹಿತ್ತಾಳೆ ಹಂಡೆಗಳ ಹಿಂದೆ ಸುತಳಿಯಲ್ಲಿ ಬಿಗಿದ ‘ಚಂದಮಾಮ’ದ ಕಟ್ಟೊಂದು ಸಿಕ್ಕಿತು. ನಡುವೆ ನಾಲ್ಕಾರು ‘ಕಸ್ತೂರಿ’, ‘ಸುಧಾ’. ಅಂಗಡಿಯವರು ತಕ್ಕಡಿಗಿಟ್ಟು ರದ್ದಿಯ ದರ ಹೇಳಿದರು.

ಕದ್ವಾಡದ ನಮ್ಮ ಮನೆಯಲ್ಲಿ ಅಪ್ಪ ಇಂಥವೇ ಸಂಚಿಕೆಗಳನ್ನು ವರ್ಷವಾರು ಹೊಲಿದು ಇಟ್ಟಿದ್ದರು. 2019ರ ಆಗಸ್ಟ್‌ನಲ್ಲಿ ಕದ್ರಾ ಅಣೆಕಟ್ಟೆಯಿಂದ ಬಿಟ್ಟ ನೀರಿಗೆ ಕಾಳಿ ಉಕ್ಕಿದಾಗ ಅಕ್ಕಿ, ಪಾತ್ರೆ, ಜಮೀನಿನ ಕಾಗದಗಳನ್ನು ಅಟ್ಟಕ್ಕೇರಿಸಿದೆವು. ಪುಸ್ತಕದ ಕಪಾಟು ನನಗೆ ನೆನಪಾಗಲಿಲ್ಲ. ನೀರಿಳಿದ ಮೇಲೆ ಉಳಿದದ್ದು ಕೆಸರಿನ ಮುದ್ದೆ. ಅಪ್ಪ ಏನೂ ಅನ್ನಲಿಲ್ಲ. ಅದೇ ಇಂದಿಗೂ ಚುಚ್ಚುತ್ತದೆ.

1947ರಲ್ಲಿ ತೆಲುಗು, ತಮಿಳಿನಲ್ಲಿ ಹುಟ್ಟಿ, 1949ರಲ್ಲಿ ಕನ್ನಡಕ್ಕೆ ಬಂದ ಚಂದಮಾಮ 2013ರಲ್ಲಿ ನಿಂತುಹೋಯಿತು. ಕೊಂಕಣಿ ಮಾತಿನ ನಮ್ಮ ಮನೆಯಲ್ಲಿ ಶಾಲೆಯ ಕನ್ನಡವನ್ನು ಕಥೆಯ ಕನ್ನಡವಾಗಿಸಿದ್ದು ಅದೇ ಪತ್ರಿಕೆ.

ಮನೆಗೆ ಬಂದೊಡನೆ ಮಗಳ ಕಣ್ಣಿಗೆ ಬಿದ್ದದ್ದು ಜೋಡಿ ಛಾಯಾಚಿತ್ರಗಳಿಗೆ ಶೀರ್ಷಿಕೆ ಕೊಡುವ ಸ್ಪರ್ಧೆ. ಗಡುವು ಮುಗಿದು ದಶಕಗಳಾಗಿವೆ ಎಂದರೂ ಕೇಳದೆ, ಕಾರ್ಡಿನಲ್ಲಿ ಎರಡು ಸಾಲು ಬರೆದು ಅಜ್ಜನ ಕೈಗಿತ್ತಳು. ಅವರು ಕನ್ನಡಕ ಏರಿಸಿ, ಒಂದು ಕಾಗುಣಿತ ತಿದ್ದಿ, ಸಂಚಿಕೆಗಳನ್ನು ತಿಂಗಳ ಕ್ರಮದಲ್ಲಿ ಜೋಡಿಸತೊಡಗಿದರು. ನಾನು ದಬ್ಬಣ, ದಾರ ತಂದುಕೊಟ್ಟೆ.

ಮಳೆಗಾಲಕ್ಕೆ ಮುನ್ನ ರದ್ದಿ ಹೊರಹಾಕುವವರು ಒಮ್ಮೆ ಕಟ್ಟು ಬಿಚ್ಚಿ ನೋಡಲಿ. ನಮ್ಮ ಕಟ್ಟು ಈಗ ಅಟ್ಟದ ಮೇಲಿದೆ.