ಒಂದು ಲೆಡ್ಜರ್, ಎಂಟು ಗುಮಾಸ್ತರು: ಸೂಪರ್ ಕಂಪ್ಯೂಟರಿಗೆ ಕೆಲಸ ಹಂಚುವ ಬಗೆ

ಯಂತ್ರಗಳನ್ನು ಇಮ್ಮಡಿಗೊಳಿಸಿದ ಮಾತ್ರಕ್ಕೆ ಉತ್ಪಾದನೆ ಇಮ್ಮಡಿಯಾಗದೆಂಬುದು ಕಾರ್ಖಾನೆ ನಡೆಸುವವರಿಗೆಲ್ಲ ತಿಳಿದ ವಿಷಯ. ಹವಾಮಾನ, ಭೂಕಂಪ, ಲೋಹದ ಎರಕ ಮುಂತಾದವುಗಳ ವರ್ತನೆಯನ್ನು ಲೆಕ್ಕದ ಮೂಲಕ ಮೊದಲೇ ಕಂಡುಕೊಳ್ಳುವ ಸೂಪರ್ ಕಂಪ್ಯೂಟರ್‌ಗಳಿಗೂ ಈ ಮಾತು ಅನ್ವಯಿಸುತ್ತದೆ.

ಜಪಾನಿನ ಎನ್‌ಇಸಿ ಕಂಪನಿ ನಿರ್ಮಿಸಿದ 'ಅರ್ತ್ ಸಿಮ್ಯುಲೇಟರ್' 2002ರಲ್ಲಿ ಯೊಕೊಹಾಮಾದಲ್ಲಿ ಕಾರ್ಯಾರಂಭ ಮಾಡಿತು. ಅದರಲ್ಲಿದ್ದುದು 640 ಗಣಕಗಳು. ಒಂದೊಂದರಲ್ಲಿ 8ರಂತೆ ಒಟ್ಟು 5,120 ಪ್ರೊಸೆಸರ್‌ಗಳು. ಒಂದು ಗಣಕದ ಎಂಟೂ ಪ್ರೊಸೆಸರ್‌ಗಳಿಗೆ 16 ಗಿಗಾಬೈಟ್‌ನ ಒಂದೇ ಮೆಮೊರಿ.

ಇದನ್ನು 640 ಶಾಖೆಗಳುಳ್ಳ ವ್ಯಾಪಾರ ಸಂಸ್ಥೆಗೆ ಹೋಲಿಸಬಹುದು. ಪ್ರತಿ ಶಾಖೆಯಲ್ಲಿ ಎಂಟು ಗುಮಾಸ್ತರು, ಮೇಜಿನ ಮೇಲೆ ಒಂದೇ ಲೆಡ್ಜರ್. ಯಾರೂ ಯಾರನ್ನೂ ಕೇಳಬೇಕಿಲ್ಲ, ಪುಟ ತೆರೆದು ನೋಡಿದರಾಯಿತು. ಆದರೆ ಇಬ್ಬರು ಏಕಕಾಲದಲ್ಲಿ ಒಂದೇ ಬಾಕಿಯನ್ನು ತಿದ್ದಿದರೆ ಒಬ್ಬನ ನಮೂದು ಅಳಿಸಿಹೋಗುತ್ತದೆ. ಈ ತಪ್ಪು ಇಂದು ಕಂಡು ನಾಳೆ ಮರೆಯಾಗುವಂತಹುದು. ಪತ್ತೆಗೆ ವಾರಗಳೇ ಬೇಕಾದಾವು. ಶಾಖೆಯಿಂದ ಶಾಖೆಗಾದರೋ ಟಪಾಲೇ ಗತಿ. ಅಲ್ಲಿ ತಿದ್ದುವ ಗೊಂದಲವಿಲ್ಲ. ಕಾಗದ ಬರುವವರೆಗೆ ಕೈಕಟ್ಟಿ ಕೂರಬೇಕು, ಅಷ್ಟೆ. ಲೆಡ್ಜರ್ ಪದ್ಧತಿಗೆ 1997ರಲ್ಲಿ ರೂಪುಗೊಂಡ 'ಓಪನ್ ಎಂಪಿ', ಟಪಾಲು ಪದ್ಧತಿಗೆ 1994ರ 'ಎಂಪಿಐ' ಪ್ರಮಾಣಿತ ಕ್ರಮಗಳಾಗಿವೆ. ದೊಡ್ಡ ಯಂತ್ರಗಳಲ್ಲಿ ಎರಡನ್ನೂ ಬೆರೆಸಿ ಬರೆಯುವುದುಂಟು.

ಹಂಚಲಾಗದ ಕೆಲಸವೇ ನಿಜವಾದ ಅಡಚಣೆ. 1967ರಲ್ಲಿ ಜೀನ್ ಆಮ್ಡಾಲ್ ಈ ಮಿತಿಯನ್ನು ಎತ್ತಿ ತೋರಿಸಿದರು. ಕೆಲಸದ ಶೇ. 5 ಭಾಗವನ್ನು ಒಬ್ಬನೇ ಮಾಡಬೇಕಾದಲ್ಲಿ, ಎಷ್ಟು ಸಾವಿರ ಜನರನ್ನು ನೇಮಿಸಿದರೂ ವೇಗ 20 ಪಟ್ಟನ್ನು ದಾಟದು. 5,120 ಪ್ರೊಸೆಸರ್‌ಗಳಿಂದ ಅರ್ಧದಷ್ಟಾದರೂ ಫಲ ಪಡೆಯಲು ಆ ಭಾಗ ಶೇ. 0.02ಕ್ಕೆ ಇಳಿಯಬೇಕು! ಯೊಕೊಹಾಮಾದ ವಿಜ್ಞಾನಿಗಳು ಇದನ್ನು ಸಾಧಿಸಿದರು. ಇಡೀ ಭೂಮಂಡಲದ ವಾಯುಚಲನೆಯನ್ನು ಲೆಕ್ಕಹಾಕುವ ಅವರ ಪ್ರೋಗ್ರಾಂ 2002ರಲ್ಲಿ ಸೆಕೆಂಡಿಗೆ 26.58 ಲಕ್ಷ ಕೋಟಿ ಗಣನೆಗಳ ವೇಗ ಮುಟ್ಟಿ, ಯಂತ್ರದ ಪೂರ್ಣ ಸಾಮರ್ಥ್ಯದ ಸುಮಾರು ಶೇ. 65ನ್ನು ಬಳಸಿಕೊಂಡಿತು, ಗಾರ್ಡನ್ ಬೆಲ್ ಪ್ರಶಸ್ತಿಯನ್ನೂ ಪಡೆಯಿತು. ಹತ್ತರಲ್ಲೊಂದು ಪಾಲನ್ನೂ ಬಳಸದ ಪ್ರೋಗ್ರಾಂಗಳು ಅಪರೂಪವಲ್ಲವೆಂಬುದನ್ನು ಇಲ್ಲಿ ನೆನೆಯಬೇಕು.

2022ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸ್ಥಾಪನೆಯಾದ 'ಪರಮ್ ಪ್ರವೇಗ'ದ ಸಾಮರ್ಥ್ಯ 3.3 ಪೆಟಾಫ್ಲಾಪ್, ಅಂದರೆ ಸೆಕೆಂಡಿಗೆ 33 ಕೋಟಿ ಕೋಟಿ ಗಣನೆಗಳು. ಅಲ್ಲಿಯೂ ವ್ಯವಸ್ಥೆ ಇದೇ: ಒಳಗೆ ಲೆಡ್ಜರ್, ಹೊರಗೆ ಟಪಾಲು.

ಎರಕದ ಅಥವಾ ಬಿಡಿಭಾಗಗಳ ಪರೀಕ್ಷೆಗಾಗಿ ಗಣಕಗಳನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಪಡೆಯುವ ಸಣ್ಣ ಉದ್ಯಮಿಗೆ ಇದು ಬರಿಯ ಶಾಸ್ತ್ರವಿಚಾರವಲ್ಲ. ಶೇ. 5 ಹಂಚಲಾಗದ ಕೆಲಸವಿರುವ ಪ್ರೋಗ್ರಾಂ 16 ಪ್ರೊಸೆಸರ್‌ಗಳಲ್ಲಿ ಸುಮಾರು 9 ಪಟ್ಟು ವೇಗ ಕಂಡರೆ, 64ರಲ್ಲಿ ಕಾಣುವುದು 15 ಪಟ್ಟು ಮಾತ್ರ. ಕೆಲಸ 1.7 ಪಟ್ಟು ಬೇಗ ಮುಗಿಯುತ್ತದೆ, ಬಾಡಿಗೆ 2.4 ಪಟ್ಟು ಏರುತ್ತದೆ. ಒಂದೇ ಮಾದರಿಯನ್ನು 8, 16, 32 ಪ್ರೊಸೆಸರ್‌ಗಳಲ್ಲಿ ಒಮ್ಮೊಮ್ಮೆ ಓಡಿಸಿ, ಹಿಡಿದ ಸಮಯವನ್ನು ಬರೆದಿಟ್ಟುಕೊಂಡ ಬಳಿಕವೇ ದೊಡ್ಡ ಬಾಡಿಗೆ ಕರಾರಿಗೆ ಸಹಿ ಹಾಕುವುದು ಲೇಸು.