ಸೆಕೆಂಡಿಗೆ ಐವತ್ತು ಸಲ ಬಡಿಯುವ ರೆಕ್ಕೆಯ ಫೋಟೊ ತೆಗೆಯುವುದು ಹೇಗೆ?



ದಾಸವಾಳದ ಗಿಡಕ್ಕೆ ಬಂದು ಮಕರಂದ ಹೀರುವ ಪುಟ್ಟ ಹಕ್ಕಿಯನ್ನು ಕೆಲವರು ಹಮ್ಮಿಂಗ್ ಬರ್ಡ್ ಅಂತ ಕರೆಯುತ್ತಾರೆ. ಅದು ಹಮ್ಮಿಂಗ್ ಬರ್ಡ್ ಅಲ್ಲ, ಸೂರಕ್ಕಿ. ಹಮ್ಮಿಂಗ್ ಬರ್ಡ್ ನಮ್ಮ ದೇಶದಲ್ಲೇ ಇಲ್ಲ. ಅದು ಉತ್ತರ ಅಮೆರಿಕ, ದಕ್ಷಿಣ ಅಮೆರಿಕ ಮತ್ತು ಅಲ್ಲಿನ ದ್ವೀಪಗಳಲ್ಲಿ ಮಾತ್ರ ಇರುತ್ತೆ. ಅದರಲ್ಲಿ 350ಕ್ಕೂ ಹೆಚ್ಚು ಜಾತಿಗಳಿವೆ. ಕ್ಯೂಬಾ ದೇಶದ ಬೀ ಹಮ್ಮಿಂಗ್ ಬರ್ಡ್ ಪ್ರಪಂಚದಲ್ಲೇ ಅತಿ ಚಿಕ್ಕ ಹಕ್ಕಿ. ಅದರ ತೂಕ ಸುಮಾರು 2 ಗ್ರಾಂ. ಒಂದು ರೂಪಾಯಿ ನಾಣ್ಯಕ್ಕಿಂತಲೂ ಹಗುರ!

ಈ ಹಕ್ಕಿ ಹೂವಿನ ಮುಂದೆ ಗಾಳಿಯಲ್ಲೇ ನಿಂತು ಮಕರಂದ ಕುಡಿಯುತ್ತೆ. ಹಿಂದಕ್ಕೂ ಹಾರುತ್ತೆ. ಆಗ ಅದರ ರೆಕ್ಕೆ ನಮ್ಮ ಕಣ್ಣಿಗೆ ಕಾಣುವುದೇ ಇಲ್ಲ, ತಿರುಗುವ ಫ್ಯಾನಿನ ಹಾಗೆ ಬರೀ ಮಸುಕು. ಆದರೆ ಪುಸ್ತಕಗಳಲ್ಲಿ ಅದರ ಒಂದೊಂದು ಗರಿಯೂ ಸ್ಪಷ್ಟವಾಗಿ ಕಾಣುವ ಚಿತ್ರ ಇರುತ್ತಲ್ಲ, ಅದನ್ನು ಹೇಗೆ ತೆಗೆದರು? ಅದನ್ನೇ ಈಗ ತಿಳಿಯೋಣ.

ಮೊದಲು ಒಂದು ಲೆಕ್ಕ

ರೂಬಿ ಥ್ರೋಟೆಡ್ ಎಂಬ ಕೆಂಪು ಕೊರಳಿನ ಜಾತಿ ಸೆಕೆಂಡಿಗೆ ಸುಮಾರು 50 ಸಲ ರೆಕ್ಕೆ ಬಡಿಯುತ್ತೆ. ಒಂದು ಬಡಿತ ಅಂದ್ರೆ ಒಂದು ಸಲ ಮುಂದೆ, ಒಂದು ಸಲ ಹಿಂದೆ. ಆದ್ದರಿಂದ ಸೆಕೆಂಡಿಗೆ 100 ಬೀಸು. ಒಂದು ಬೀಸಿಗೆ ರೆಕ್ಕೆಯ ತುದಿ 10 ಸೆಂ.ಮೀ. ಓಡುತ್ತೆ ಅಂತ ಇಟ್ಟುಕೊಳ್ಳೋಣ. 100 × 10 = 1000 ಸೆಂ.ಮೀ. ಅಂದ್ರೆ ಸೆಕೆಂಡಿಗೆ 10 ಮೀಟರ್.

ಕ್ಯಾಮೆರಾದ ಬಾಗಿಲಿಗೆ ಶಟರ್ ಅನ್ನುತ್ತಾರೆ. ಅದು 1/250 ಸೆಕೆಂಡು ತೆರೆದರೆ ಅಷ್ಟರಲ್ಲಿ ರೆಕ್ಕೆಯ ತುದಿ 4 ಸೆಂ.ಮೀ. ಓಡಿಬಿಟ್ಟಿರುತ್ತೆ. ಚಿತ್ರ ಮಸುಕಾಗದೆ ಇನ್ನೇನಾಗುತ್ತೆ? ಶಟರನ್ನು ಇನ್ನೂ ಬೇಗ ಮುಚ್ಚಬಹುದಲ್ಲ ಅಂತ ನೀವು ಕೇಳಬಹುದು. 1/4000 ಸೆಕೆಂಡಿಗೆ ಮುಚ್ಚಿದರೂ ರೆಕ್ಕೆ 2.5 ಮಿ.ಮೀ. ಸರಿದಿರುತ್ತೆ. ಜೊತೆಗೆ ಒಳಗೆ ಬರುವ ಬೆಳಕೂ ಬಹಳ ಕಡಿಮೆಯಾಗುತ್ತೆ.

ಮಿಂಚಿನ ಉಪಾಯ

ಕತ್ತಲೆ ರಾತ್ರಿಯಲ್ಲಿ ಮಳೆ ಸುರಿಯುವಾಗ ಮಿಂಚು ಹೊಡೆದರೆ ಮಳೆಹನಿಗಳು ಗಾಳಿಯಲ್ಲೇ ನಿಂತ ಹಾಗೆ ಕಾಣುತ್ತವೆ. ಹನಿ ನಿಂತಿರೋದಿಲ್ಲ. ಬೆಳಕು ಇದ್ದದ್ದೇ ಒಂದು ಕ್ಷಣ, ಅದಕ್ಕೇ ಹಾಗೆ. ಈ ಉಪಾಯವನ್ನೇ ಇಲ್ಲಿ ಬಳಸುತ್ತಾರೆ. ಶಟರ್ ಬದಲು ಬೆಳಕೇ ರೆಕ್ಕೆಯನ್ನು ನಿಲ್ಲಿಸುತ್ತೆ.

ಅಮೆರಿಕದ ಎಂ.ಐ.ಟಿ.ಯಲ್ಲಿ ಪ್ರೊಫೆಸರ್ ಆಗಿದ್ದ ಹೆರಾಲ್ಡ್ ಎಡ್ಜರ್ಟನ್ (1903-1990) ಎಂಬ ವಿಜ್ಞಾನಿ ಇದರಲ್ಲಿ ಬಹಳ ಹೆಸರು ಮಾಡಿದರು. ವಿದ್ಯುತ್ತನ್ನು ಕೂಡಿಟ್ಟು, ಗಾಜಿನ ಕೊಳವೆಯಲ್ಲಿರುವ ಅನಿಲದ ಮೂಲಕ ಒಮ್ಮೆಲೇ ಹರಿಸಿದರೆ ಕಣ್ಣು ಕೋರೈಸುವ ಬೆಳಕು ಬಂದು ತಕ್ಷಣ ಆರುತ್ತೆ. ಅವರು 1930ರ ದಶಕದಲ್ಲೇ ಹೀಗೆ ಹಮ್ಮಿಂಗ್ ಬರ್ಡ್ ಚಿತ್ರ ತೆಗೆದರು. ಆಮೇಲೆ ಡುಪಾಂಟ್ ಎಂಬ ದೊಡ್ಡ ಕಂಪನಿಯ ಅಧ್ಯಕ್ಷರಾಗಿದ್ದ ಕ್ರಾಫರ್ಡ್ ಗ್ರೀನ್‌ವಾಲ್ಟ್ ಇಂಥ ಚಿತ್ರಗಳನ್ನೇ ಸೇರಿಸಿ 1960ರಲ್ಲಿ ಒಂದು ಪುಸ್ತಕ ತಂದರು.

ನಾಲ್ಕೈದು ಫ್ಲಾಶ್ ಯಾಕೆ?

ಫ್ಲಾಶನ್ನು ಪೂರ್ತಿ ಶಕ್ತಿಯಲ್ಲಿ ಹೊಡೆದರೆ ಅದರ ಬೆಳಕು ಹೆಚ್ಚು ಹೊತ್ತು ಇರುತ್ತೆ, ರೆಕ್ಕೆ ಮಸುಕಾಗುತ್ತೆ. ಶಕ್ತಿಯನ್ನು 1/16 ಅಥವಾ 1/32 ಭಾಗಕ್ಕೆ ಇಳಿಸಿದರೆ ಬೆಳಕು ಸುಮಾರು 1/20,000 ಸೆಕೆಂಡು ಮಾತ್ರ ಇರುತ್ತೆ. ಅಷ್ಟರಲ್ಲಿ ರೆಕ್ಕೆ ಓಡೋದು ಅರ್ಧ ಮಿ.ಮೀ. ಮಾತ್ರ! ಆದರೆ ಒಂದು ತೊಂದರೆ. ಅಷ್ಟು ಚಿಕ್ಕ ಬೆಳಕು ಚಿತ್ರಕ್ಕೆ ಸಾಲೋದಿಲ್ಲ. ಅದಕ್ಕೇ ನಾಲ್ಕೈದು ಫ್ಲಾಶ್‌ಗಳನ್ನು ಒಟ್ಟಿಗೆ ಹೊಡೆಯುತ್ತಾರೆ.

ತೆಗೆಯುವ ವಿಧಾನ

1. ಜಾಗ ನೆರಳಲ್ಲಿರಬೇಕು. ಬಿಸಿಲಿದ್ದರೆ ಬಿಸಿಲಿನ ಬೆಳಕಿಗೂ ಚಿತ್ರ ಮೂಡಿ, ರೆಕ್ಕೆಯ ಸುತ್ತ ದೆವ್ವದ ಹಾಗೆ ಇನ್ನೊಂದು ಮಸುಕು ರೆಕ್ಕೆ ಬರುತ್ತೆ.

2. ಒಂದು ಭಾಗ ಸಕ್ಕರೆ, ನಾಲ್ಕು ಭಾಗ ನೀರು ಕಲಸಿ ಬಾಟಲಿಯಲ್ಲಿ ತೂಗುಹಾಕುತ್ತಾರೆ. ಹಕ್ಕಿ ರೂಢಿಯಾದ ಮೇಲೆ ಅದೇ ಜಾಗದಲ್ಲಿ ಒಂದು ಹೂವಿಟ್ಟು, ಅದರೊಳಗೆ ಆ ನೀರಿನ ಕೆಲವು ಹನಿ ಬಿಡುತ್ತಾರೆ. ಆಗ ಹಕ್ಕಿ ಎಲ್ಲಿಗೆ ಬರುತ್ತೆ ಅಂತ ಮೊದಲೇ ಗೊತ್ತಿರುತ್ತೆ.

3. ಎರಡು ಫ್ಲಾಶ್ ಮುಂದಿನಿಂದ ಎಡಕ್ಕೂ ಬಲಕ್ಕೂ. ಒಂದು ಹಿಂದಿನಿಂದ, ರೆಕ್ಕೆಯ ಅಂಚು ಹೊಳೆಯಲು. ಎಲ್ಲವೂ ಹಕ್ಕಿಗೆ ಹತ್ತಿರದಲ್ಲಿರಬೇಕು. ಫ್ಲಾಶ್ ಇರುವ ದೂರ ಎರಡು ಪಟ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತೆ.

4. ಕೊರಳಿನ ಹೊಳಪು ಬಣ್ಣದ ಪುಡಿಯಿಂದ ಬಂದದ್ದಲ್ಲ, ಗರಿಯ ರಚನೆಯಿಂದ ಬಂದದ್ದು. ಬೆಳಕು ಸರಿಯಾದ ಕೋನದಲ್ಲಿ ಬಿದ್ದರೆ ಮಾತ್ರ ಕೆಂಪು ಕಾಣುತ್ತೆ, ಇಲ್ಲದಿದ್ದರೆ ಕಪ್ಪು. ಅದಕ್ಕೇ ಒಂದು ಫ್ಲಾಶ್ ಕ್ಯಾಮೆರಾದ ಪಕ್ಕದಲ್ಲೇ ಇರುತ್ತೆ.

5. ಹಿಂದೆ ಹಸಿರು ಬಣ್ಣದ ಹಲಗೆ ಇಟ್ಟು ಅದಕ್ಕೂ ಒಂದು ಫ್ಲಾಶ್. ಅದಿಲ್ಲದಿದ್ದರೆ ಹಗಲಲ್ಲಿ ತೆಗೆದ ಚಿತ್ರವೂ ರಾತ್ರಿಯ ಹಾಗೆ ಕಾಣುತ್ತೆ.

6. ಹಕ್ಕಿ ಕುಡಿದು ಹೂವಿನಿಂದ ಸ್ವಲ್ಪ ಹಿಂದೆ ಸರಿದು ನಿಲ್ಲುತ್ತಲ್ಲ, ಆಗಲೇ ಬಟನ್ ಒತ್ತಬೇಕು. ತಂತಿ ಅಥವಾ ರೇಡಿಯೊ ಸಂಕೇತದಿಂದ ಎಲ್ಲ ಫ್ಲಾಶ್‌ಗಳೂ ಒಟ್ಟಿಗೆ ಬೆಳಗುತ್ತವೆ.

ಕೋಸ್ಟರಿಕಾ, ಈಕ್ವೆಡಾರ್ ದೇಶಗಳ ಕಾಡಂಚಿನಲ್ಲಿ ಪ್ರವಾಸಿಗರಿಗೂ ಹೀಗೆ ಫೋಟೊ ತೆಗೆಯುವ ವ್ಯವಸ್ಥೆ ಇದೆ.

ಹಕ್ಕಿಯ ಹೊಟ್ಟೆ ಮುಖ್ಯ

ಈ ಹಕ್ಕಿ ಹಗಲೆಲ್ಲ ಮತ್ತೆ ಮತ್ತೆ ತಿನ್ನಲೇಬೇಕು. ರೂಬಿ ಥ್ರೋಟೆಡ್ ಹಕ್ಕಿಗಳಲ್ಲಿ ಎಷ್ಟೋ ಚಳಿಗಾಲಕ್ಕೆ ಮುಂಚೆ ಮೆಕ್ಸಿಕೊ ಕೊಲ್ಲಿಯ ಮೇಲೆ ಸುಮಾರು 800 ಕಿ.ಮೀ. ಎಲ್ಲೂ ಕೂರದೆ ಹಾರುತ್ತವೆ. ಅದಕ್ಕೆ ಮೈಯಲ್ಲಿ ಕೊಬ್ಬು ಕೂಡಿಸಿಕೊಂಡಿರಬೇಕು. ಆದ್ದರಿಂದ ಫೋಟೊ ಆಸೆಗೆ ಬಾಟಲಿಯನ್ನು ತುಂಬಾ ಹೊತ್ತು ತೆಗೆದಿಡಬಾರದು. ಸಕ್ಕರೆ ನೀರಿಗೆ ಬಣ್ಣ, ಜೇನು ಹಾಕಬಾರದು. ಹುಳಿಯಾಗುವ ಮುಂಚೆ ಬದಲಾಯಿಸಬೇಕು. ಬೆಳಕಿಗೆ ಹಕ್ಕಿ ಹೆದರಿ ಹೂವಿಗೆ ಬರದಿದ್ದರೆ ಅಲ್ಲಿಗೇ ನಿಲ್ಲಿಸಬೇಕು. ಗೂಡಿನ ಹತ್ತಿರ ಹೋಗಲೇಬಾರದು. ಚಿತ್ರ ಇವತ್ತಲ್ಲದಿದ್ದರೆ ನಾಳೆ ಸಿಗುತ್ತೆ, ಹಸಿದ ಹಕ್ಕಿ ನಾಳೆವರೆಗೆ ಕಾಯೋದಿಲ್ಲ. ಈ ಮಾತು ನಮ್ಮ ಸೂರಕ್ಕಿಗೂ ಅನ್ವಯಿಸುತ್ತೆ.

ನಿಮಗೊಂದು ಲೆಕ್ಕ: ಫ್ಲಾಶ್ ಬೆಳಕು 1/10,000 ಸೆಕೆಂಡು ಇದ್ದರೆ ರೆಕ್ಕೆಯ ತುದಿ ಎಷ್ಟು ಮಿ.ಮೀ. ಓಡುತ್ತೆ? ಉತ್ತರವನ್ನು ಚೀಟಿಯಲ್ಲಿ ಬರೆದು ಪತ್ರಿಕೆಯ ಕೆಳಗಿನ ಡಬ್ಬಿಗೆ ಹಾಕಿ.

- 7ನೇ ತರಗತಿ